ಮನೆ ಗಂಟು ಬೇರೆ, ಅಂಗಡಿ ಗಂಟು ಬೇರೆ



ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಓದಿ ಎರಡು ದಿನ ನನ್ನ ಮನಸ್ಸಿಗೆ ಸಮಾಧಾನವೇ ಇರಲಿಲ್ಲ. ಬರೆದಾಕೆ ಹಾಸನ ಜಿಲ್ಲೆಯ ಒಂದು ಸಣ್ಣ ಊರಿನ ಗೃಹಿಣಿ. ಯಜಮಾನರದು ಹಿಟ್ಟಿನ ಗಿರಣಿ. "ಅಕ್ಕಾ, ನಾನು ಎಷ್ಟು ಕೈ ಬಿಗಿ ಹಿಡಿದರೂ ಇಪ್ಪತ್ತನೇ ತಾರೀಖಿಗೆ ಡಬ್ಬಿ ಖಾಲಿ. ನಿನಗೆ ಸಂಸಾರ ತೂಗಿಸೋಕೆ ಬರಲ್ಲ ಅಂತ ಮನೆಯವರು ಎಲ್ಲರ ಎದುರಿಗೂ ಅನ್ನುತ್ತಾರೆ. ನಾನು ರಾತ್ರಿ ಊಟ ಬಿಟ್ಟು ಎಷ್ಟೋ ದಿನವಾಯಿತು. ಇನ್ನು ಯಾವುದನ್ನು ಕಮ್ಮಿ ಮಾಡಲಿ, ನೀವೇ ಹೇಳಿ" ಎಂದು ಬರೆದಿದ್ದಾರೆ.

ತಂಗಿ, ನೀನು ಇನ್ನು ಏನನ್ನೂ ಕಮ್ಮಿ ಮಾಡಬೇಡ. ಮೊದಲು ರಾತ್ರಿ ಊಟ ಮಾಡು. ಆಮೇಲೆ ಒಂದು ನೋಟ್ ಪುಸ್ತಕ ತಗೊಂಡು ಕೂತುಕೋ. ಯಾಕೆ ಹೀಗೆ ಹೇಳುತ್ತೇನೆ ಎಂದು ತಿಳಿಯಬೇಕಾದರೆ ನಮ್ಮ ಮನೆಯ ಕಥೆಯನ್ನೇ ಹೇಳಬೇಕು. ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಆದರೂ ನಿನ್ನಂಥವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ನಡುವಿನ ಬಾಗಿಲು

ನಮ್ಮದು ತಿಪಟೂರು ಕಡೆಯ ಊರು. ಮಾವನವರ ಕಾಲದಿಂದ ನಡೆದುಕೊಂಡು ಬಂದ ದಿನಸಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ನಾನು ಮದುವೆಯಾಗಿ ಬಂದಾಗ, "ನೋಡಮ್ಮ, ನಿನಗೆ ಯಾವುದಕ್ಕೂ ಕೊರತೆಯಿಲ್ಲ, ಸಕ್ಕರೆ ಬೇಕಾದರೆ ಬಾಗಿಲು ತೆಗೆದರೆ ಆಯಿತು" ಎಂದು ಅತ್ತೆಯವರು ಹೆಮ್ಮೆಯಿಂದ ಹೇಳಿದ್ದರು. ನಾನೂ ಹಾಗೆಯೇ ಮಾಡಿದೆ. ಎಣ್ಣೆ ಮುಗಿಯಿತೇ, ಬಾಗಿಲು ತೆಗೆ. ಮಕ್ಕಳು ಹಟ ಮಾಡಿದರೇ, ಗಾಜಿನ ಜಾಡಿಗೆ ಕೈ ಹಾಕು. ಹಾಲಿನವನಿಗೆ ಕೊಡಬೇಕೇ, ಗಲ್ಲಾ ಪೆಟ್ಟಿಗೆಯಿಂದ ತೆಗೆ. ನಮ್ಮದೇ ತಾನೇ, ಲೆಕ್ಕ ಯಾರಿಗೆ ಕೊಡಬೇಕು?

ಆ ಕಡೆಯಿಂದಲೂ ಅದೇ ಕಥೆ. ಮಂಡಿಗೆ ದುಡ್ಡು ಸಾಲದೆ ಬಂದಾಗ, "ಎಲ್ಲಿ, ನಿನ್ನ ಹತ್ತಿರ ಏನಾದರೂ ಇದೆಯೇನೇ?" ಎಂದು ನಮ್ಮವರು ಅದೇ ಬಾಗಿಲಲ್ಲಿ ತಲೆ ಹಾಕುತ್ತಿದ್ದರು. ನಾನು ಸೀರೆಗೆಂದು ಕೂಡಿಟ್ಟಿದ್ದನ್ನು ಕೊಡುತ್ತಿದ್ದೆ. ಅದು ವಾಪಸ್ಸು ಬಂತೋ ಇಲ್ಲವೋ, ನನಗೂ ನೆನಪಿರುತ್ತಿರಲಿಲ್ಲ, ಅವರಿಗೂ ನೆನಪಿರುತ್ತಿರಲಿಲ್ಲ.

ಕಾಲ ಚೆನ್ನಾಗಿದ್ದಾಗ ಇದರಿಂದ ತೊಂದರೆ ಕಾಣಲಿಲ್ಲ. 2020ರ ಮಾರ್ಚ್ 25ಕ್ಕೆ ದೇಶಕ್ಕೆಲ್ಲ ಲಾಕ್‌ಡೌನ್ ಆಯಿತಲ್ಲ, ಆಗ ಗೊತ್ತಾಯಿತು. ದಿನಸಿ ಅಂಗಡಿ ತೆರೆಯಲು ಅಪ್ಪಣೆ ಇತ್ತು. ನಿಮಗೇನ್ರೀ ಕಷ್ಟ, ವ್ಯಾಪಾರ ಜೋರು ಎಂದು ಎಲ್ಲರೂ ಅಂದರು. ವ್ಯಾಪಾರ ಜೋರೇ. ಆದರೆ ದುಡ್ಡು ಕೊಡುವವರು ಯಾರು? ಕೊಬ್ಬರಿ ಮೂಟೆ ಹೊರುವವರಿಗೆ ಕೂಲಿ ಇಲ್ಲ, ಆಟೋದವರಿಗೆ ಬಾಡಿಗೆ ಇಲ್ಲ, ಹೋಟೆಲಿನ ಹುಡುಗರಿಗೆ ಕೆಲಸವೇ ಇಲ್ಲ. ವರ್ಷಗಟ್ಟಲೆ ನಮ್ಮಲ್ಲೇ ಸಾಮಾನು ತಗೊಂಡವರು ಚೀಲ ಹಿಡಿದು ಬಂದು ನಿಂತರೆ ಇಲ್ಲ ಎನ್ನಲು ನಮ್ಮವರಿಗೆ ಬಾಯಿ ಬರಲಿಲ್ಲ. 2020ರ ದೀಪಾವಳಿ ಹೊತ್ತಿಗೆ ಬಾಕಿ ಪುಸ್ತಕದಲ್ಲಿ 86,000 ರೂಪಾಯಿ ನಿಂತಿತ್ತು. ಮಂಡಿ ಸಾಹುಕಾರರು ಹಳೇದು ತೀರಿಸದೆ ಹೊಸ ಮಾಲು ಕೊಡುವುದಿಲ್ಲ ಎಂದುಬಿಟ್ಟರು.

ಆಗ ನನ್ನ ಎರಡು ಬಳೆ ಗಿರವಿ ಅಂಗಡಿಗೆ ಹೋದವು. ನಮ್ಮ ತಾಯಿ ಹಸು ಕಟ್ಟಿ, ಹಾಲು ಮಾರಿ ಮಾಡಿಸಿದ ಬಳೆ. ನಲವತ್ತು ಸಾವಿರ ಸಾಲ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ಮೂರೇ ರೂಪಾಯಿ ಅಲ್ಲವೇ ಎಂದುಕೊಂಡೆ. ಅದು ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ನನ್ನ ಉಳಿತಾಯದ ಪರಿ

2021ರ ಏಪ್ರಿಲ್ ಕೊನೆಗೆ ನಮ್ಮ ರಾಜ್ಯದಲ್ಲಿ ಮತ್ತೆ ಬೀಗ ಬಿತ್ತು. ದೊಡ್ಡ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೇರಬೇಕು. ನಾನು ಉಳಿಸಲು ಹೊರಟೆ. ಹೇಗೆ ಉಳಿಸಿದೆ ಗೊತ್ತೇ? ಹಾಲು ಅರ್ಧ ಲೀಟರ್ ಕಮ್ಮಿ ಮಾಡಿದೆ. ಆ ಅರ್ಧ ಲೀಟರ್ ಯಾರ ಪಾಲಿನದು? ನನ್ನದು. ಪಲ್ಯ ಎಲ್ಲರಿಗೂ ಬಡಿಸಿ ಉಳಿದರೆ ನನಗೆ, ಇಲ್ಲದಿದ್ದರೆ ಅನ್ನಕ್ಕೆ ಮಜ್ಜಿಗೆ, ಉಪ್ಪಿನಕಾಯಿ. ರಾತ್ರಿ ಹಸಿವಿಲ್ಲ ಎಂದು ಹೇಳುವುದು ಅಭ್ಯಾಸವಾಯಿತು. ಯಾರೂ ಗಮನಿಸಲಿಲ್ಲ. ಗಮನಿಸದ ಹಾಗೆ ಮಾಡುವುದೇ ಜಾಣತನ ಎಂದು ನಾನೂ ತಿಳಿದಿದ್ದೆ.

ಜುಲೈ ತಿಂಗಳಲ್ಲಿ ಒಂದು ದಿನ ನೀರಿನ ಕೊಡ ಇಳಿಸುವಾಗ ಕಣ್ಣು ಕತ್ತಲೆ ಬಂದು ಬಚ್ಚಲಲ್ಲಿ ಬಿದ್ದೆ. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಹಿಮೋಗ್ಲೋಬಿನ್ 7.8. ಹೆಂಗಸರಿಗೆ 12 ಇರಬೇಕಂತೆ. ಡಾಕ್ಟರಮ್ಮ ಚೀಟಿ ಬರೆಯುತ್ತಾ, "ಅಲ್ಲಮ್ಮಾ, ದಿನಸಿ ಅಂಗಡಿ ಇಟ್ಟುಕೊಂಡು ಉಪವಾಸ ಬೀಳೋದೇ?" ಎಂದರು. ನಮ್ಮವರು ತಲೆ ತಗ್ಗಿಸಿದರು. ಆಸ್ಪತ್ರೆ, ಔಷಧಿ, ಪರೀಕ್ಷೆ ಎಲ್ಲ ಸೇರಿ 4,200 ರೂಪಾಯಿ. ಆ ಮೂರು ತಿಂಗಳಲ್ಲಿ ನಾನು ಹಾಲಿನಲ್ಲಿ ಉಳಿಸಿದ್ದು ಹೆಚ್ಚೆಂದರೆ 1,800.

ಅದಕ್ಕೇ ತಂಗಿ, ನಾನು ಹೇಳುವುದು: ಉಳಿತಾಯ ಹೆಂಗಸಿನ ತಟ್ಟೆಯಿಂದ ಶುರುವಾದರೆ ಅದು ಉಳಿತಾಯವಲ್ಲ. ಅದೂ ಒಂದು ಸಾಲವೇ, ಆಸ್ಪತ್ರೆಯಲ್ಲಿ ತೀರಿಸಬೇಕಾದ ಸಾಲ.

ಒಂದು ತಿಂಗಳ ನೋಟ್ ಪುಸ್ತಕ

ಆಸ್ಪತ್ರೆಯಿಂದ ಬಂದ ಮೇಲೆ ಮಗಳು ಒಂದು ಮಾತು ಹೇಳಿದಳು. "ಅಮ್ಮಾ, ಎಲ್ಲಿ ಸೋರುತ್ತಿದೆ ಅಂತ ನೋಡದೆ ಕೊಡಕ್ಕೆ ನೀರು ಹಾಕ್ತಾನೇ ಇದೀಯ." ಆಗಸ್ಟ್ ಒಂದನೇ ತಾರೀಖು ಅವಳ ಹಳೇ ನೋಟ್ ಪುಸ್ತಕದ ಉಳಿದ ಹಾಳೆಗಳಲ್ಲಿ ಲೆಕ್ಕ ಶುರು ಮಾಡಿದೆವು. ನಿಯಮ ಒಂದೇ. ನಡುವಿನ ಬಾಗಿಲಿನಿಂದ ಏನೇ ಈ ಕಡೆ ಬರಲಿ, ಒಂದು ಬೆಂಕಿಪೊಟ್ಟಣವೇ ಆಗಲಿ, ಬರೆಯಬೇಕು. ಖರ್ಚು ಕಮ್ಮಿ ಮಾಡುವ ಮಾತೇ ಬೇಡ, ಬರೆಯುವುದಷ್ಟೇ. ನಮ್ಮವರು ಮೊದಲ ವಾರ ಮುಖ ಸಿಂಡರಿಸಿದರು. "ನನ್ನ ಮೇಲೆ ಪೋಲೀಸು ಕೂರಿಸಿದ್ದೀಯೇನೇ?" ಎಂದರು. "ಪೋಲೀಸು ನಿಮ್ಮ ಮೇಲಲ್ಲ ರೀ, ಬಾಗಿಲ ಮೇಲೆ" ಎಂದೆ.

ತಿಂಗಳ ಕೊನೆಗೆ ಕೂಡಿದಾಗ ಇಬ್ಬರಿಗೂ ಮಾತು ಹೊರಡಲಿಲ್ಲ. ಲೆಕ್ಕ ಹೀಗಿತ್ತು. ತಿಂಗಳ ವ್ಯಾಪಾರ 1,05,000. ಎಣ್ಣೆ, ಸಕ್ಕರೆಯಲ್ಲಿ ಸಿಗುವುದು ಎರಡೋ ಮೂರೋ ರೂಪಾಯಿ, ಸಾಂಬಾರ ಪದಾರ್ಥ, ಬಿಸ್ಕತ್ತಿನಲ್ಲಿ ಸ್ವಲ್ಪ ಹೆಚ್ಚು. ಎಲ್ಲ ಸೇರಿ ನೂರಕ್ಕೆ ಹತ್ತರಂತೆ ಲಾಭ 10,500. ಕರೆಂಟು, ಮಾಲು ತರುವ ಗಾಡಿ ಬಾಡಿಗೆ ಕಳೆದರೆ ಉಳಿದದ್ದು 8,400. ಇನ್ನು ಮನೆಗೆ ಬಂದದ್ದು: ಸಾಮಾನು 6,340, ಗಲ್ಲಾದಿಂದ ನಗದು 7,500. ಒಟ್ಟು 13,840.

ಅಂಗಡಿ ದುಡಿದದ್ದು 8,400, ಮನೆ ತಿಂದದ್ದು 13,840. ತಿಂಗಳಿಗೆ 5,440 ತೂತು, ವರ್ಷಕ್ಕೆ 65,000 ಹತ್ತಿರ. ಆ ತೂತನ್ನು ಮಂಡಿ ಬಾಕಿಯಿಂದ ಮುಚ್ಚುತ್ತಾ ಬಂದಿದ್ದೆವು. ಬಾಕಿ ಉಳಿಸಿಕೊಂಡ ಗಿರಾಕಿಗಳನ್ನು ಬೈದುಕೊಂಡಿದ್ದೆವಲ್ಲ, ಎಲ್ಲರಿಗಿಂತ ದೊಡ್ಡ ಬಾಕಿದಾರರು ಬಾಗಿಲ ಹಿಂದೆ ಕೂತಿದ್ದ ನಾವೇ!

ತಂಗಿ, ನಿನ್ನ ಗಿರಣಿಯಲ್ಲೂ ಹೀಗೆಯೇ ಇರಬಹುದು. ಗಿರಣಿಯ ಕರೆಂಟು ಬಿಲ್ಲನ್ನು ಮನೆ ದುಡ್ಡಿನಿಂದ ಕಟ್ಟುತ್ತೀರೋ, ಮನೆ ರೇಷನ್ನು ಗಿರಣಿ ದುಡ್ಡಿನಿಂದ ಬರುತ್ತದೋ, ಬೆಲ್ಟು ಹೋದರೆ, ಕಲ್ಲು ಕುಟ್ಟಿಸಿದರೆ ಯಾವ ದುಡ್ಡು? ಇದು ಗೊತ್ತಾಗದೆ ನಿನಗೆ ಸಂಸಾರ ತೂಗಿಸಲು ಬರುವುದಿಲ್ಲ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಮುಂಬಯಿಯ ಲಿಜ್ಜತ್ ಹಪ್ಪಳದ ಹೆಸರು ಕೇಳಿಯೇ ಇರುತ್ತೀರಿ. 1959ರಲ್ಲಿ ಏಳು ಜನ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಮನೆ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿ ಶುರು ಮಾಡಿದ್ದು. ಅವರಿಗೆ ದಾರಿ ತೋರಿಸಿದ ಛಗನ್‌ಲಾಲ್ ಪಾರೇಖ್ ಎಂಬ ಹಿರಿಯರು, ಇದನ್ನು ವ್ಯಾಪಾರವೆಂದೇ ನಡೆಸಿ, ಲೆಕ್ಕ ಸರಿಯಾಗಿಡಿ ಎಂದು ಒತ್ತಿ ಹೇಳಿದ್ದರಂತೆ. ಆ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಹಪ್ಪಳ ಲಟ್ಟಿಸುವುದು ನಮಗೆಲ್ಲ ಬರುತ್ತದೆ. ಲೆಕ್ಕ ಇಡುವುದನ್ನು ಮಾತ್ರ ನಾವು ಕಲಿಯಬೇಕು.

ನಾವು ಮಾಡಿದ್ದೇನು?

ಮೊದಲನೆಯದು, ಬಡ್ಡಿ ನಿಲ್ಲಿಸಿದೆವು. ಹತ್ತು ತಿಂಗಳಿಗೆ 12,000 ಬಡ್ಡಿ ಕಟ್ಟಿದ್ದರೂ ಅಸಲು ಒಂದು ರೂಪಾಯಿ ಇಳಿದಿರಲಿಲ್ಲ. ಸೆಪ್ಟೆಂಬರಿನಲ್ಲಿ ಎರಡು ಬಳೆಯಲ್ಲಿ ಒಂದನ್ನು ಮಾರಿ ಸಾಲ ತೀರಿಸಿ, ಇನ್ನೊಂದನ್ನು ಬಿಡಿಸಿಕೊಂಡೆ. ಅಂಗಡಿಯಿಂದ ಹೊರಗೆ ಬಂದಾಗ ಅಳು ತಡೆಯಲಾಗಲಿಲ್ಲ. ಈಗಲೂ ಎಡಗೈಯಲ್ಲಿ ಗಾಜಿನ ಬಳೆ ಮಾತ್ರ. ಆದರೆ ಎರಡನ್ನೂ ಉಳಿಸುತ್ತೇನೆ ಎಂದು ಕೂತಿದ್ದರೆ ಎರಡೂ ಹೋಗುತ್ತಿದ್ದವು. ನಿಮ್ಮಲ್ಲಿ ಯಾರಿಗಾದರೂ ಒಡವೆ ಇಟ್ಟೇ ಸಾಲ ತರಬೇಕಾಗಿ ಬಂದರೆ ಮೊದಲು ಬ್ಯಾಂಕು, ಸೊಸೈಟಿಗಳಲ್ಲಿ ವಿಚಾರಿಸಿ. ಬಡ್ಡಿ ಎಷ್ಟು ಎಂದು ಕೇಳುವಾಗ "ತಿಂಗಳಿಗೋ ವರ್ಷಕ್ಕೋ" ಎಂದು ಬಾಯಿ ಬಿಟ್ಟು ಕೇಳಿ.

ಎರಡನೆಯದು, ಮನೆಗೆ ಸಂಬಳ. ಪ್ರತಿ ತಿಂಗಳು ಒಂದನೇ ತಾರೀಖು ಅಂಗಡಿ ಮನೆಗೆ 8,000 ಕೊಡಬೇಕು, ಅಷ್ಟೇ. ಸಾಮಾನು ಬೇಕಾದರೆ ನಾನೂ ಗಿರಾಕಿಯ ಹಾಗೆ ಪಟ್ಟಿ ಬರೆದು, ಅಸಲು ಬೆಲೆ ಕೊಟ್ಟು ತಗೊಳ್ಳಬೇಕು. ದುಡ್ಡು ಕೊಟ್ಟು ತಗೊಂಡಾಗ ಎಣ್ಣೆ ಎಷ್ಟು ದಿನ ಬರುತ್ತದೆ ನೋಡಿ! ಆರು ಲೀಟರ್ ಹೋಗುತ್ತಿದ್ದ ಮನೆಯಲ್ಲಿ ನಾಲ್ಕು ಸಾಕಾಯಿತು, ರುಚಿ ಕೆಟ್ಟಿತು ಎಂದು ಯಾರೂ ಹೇಳಲಿಲ್ಲ. ಗಾಜಿನ ಜಾಡಿಗೆ ಮಕ್ಕಳ ಕೈ ನಿಂತು 950 ಉಳಿಯಿತು. ನಮ್ಮವರ ಸ್ನೇಹಿತರ ಕಾಫಿ, ಎಲೆ ಅಡಿಕೆ 600. ಎಣ್ಣೆಯಲ್ಲಿ 340. ಬಡ್ಡಿ 1,200. ಗ್ಯಾಸು, ಮೊಬೈಲು, ಡಿಶ್ಶು, ಬಸ್ ಚಾರ್ಜಿನಲ್ಲಿ 1,350. ಹೀಗೆ ಒಟ್ಟು 4,440. ಅದರಲ್ಲಿ 600 ಹಾಲಿಗೆ ವಾಪಸ್ಸು ಹೋಯಿತು, ನನ್ನ ಅರ್ಧ ಲೀಟರ್! ಉಳಿದದ್ದು 3,840. ಮನೆ ಖರ್ಚು ಹತ್ತು ಸಾವಿರಕ್ಕೆ ಬಂತು.

ಮೂರನೆಯದು, ಬಾಕಿ ವಸೂಲಿ. ಜಗಳ ಮಾಡಿದರೆ ದುಡ್ಡೂ ಬರುವುದಿಲ್ಲ, ಗಿರಾಕಿಯೂ ಉಳಿಯುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ರಟ್ಟಿನ ಚೀಟಿ ಬರೆದುಕೊಟ್ಟೆವು. ವಾರಕ್ಕೆ ಐವತ್ತೋ ನೂರೋ, ಅವರ ಕೈಲಾದಷ್ಟು. ಕೊಟ್ಟಾಗಲೆಲ್ಲ ಎರಡು ಕಡೆ ಬರಹ, ನಮ್ಮ ಪುಸ್ತಕದಲ್ಲಿ ಒಂದು, ಅವರ ಚೀಟಿಯಲ್ಲಿ ಒಂದು. ಹೊಸ ಸಾಲ ಒಂದು ಮನೆಗೆ ಐನೂರು ದಾಟಬಾರದು. ಒಂದೂವರೆ ವರ್ಷದಲ್ಲಿ 61,000 ಬಂತು, ಅದಷ್ಟೂ ನೇರ ಮಂಡಿಗೇ ಹೋಯಿತು. ಉಳಿದದ್ದು ಬರಲಿಲ್ಲ. ಒಬ್ಬ ಹಮಾಲಿ ತೀರಿಹೋಗಿದ್ದ. ಅವನ ಹೆಂಡತಿ ಐವತ್ತರ ನೋಟು ಹಿಡಿದು ಬಂದಾಗ ನಮ್ಮವರು ಆ ಹಾಳೆಯ ಮೇಲೆ ಗೆರೆ ಎಳೆದು, "ತೀರಿತು, ಹೋಗಮ್ಮಾ" ಎಂದರು. ಎಲ್ಲಿ ಗೆರೆ ಎಳೆಯಬಹುದು ಎಂದು ತಿಳಿಯುವುದಕ್ಕೂ ಲೆಕ್ಕ ಬೇಕು.

ನನ್ನ ಹಿಟ್ಟಿನ ವ್ಯಾಪಾರ

ಮನೆಗೆ ಹತ್ತು ಸಾವಿರ ಬೇಕು, ಅಂಗಡಿ ಕೊಡುವುದು ಎಂಟು. ಇನ್ನೆರಡಕ್ಕೆ ದೋಸೆ ಹಿಟ್ಟು ರುಬ್ಬಿ ಅಂಗಡಿಯಲ್ಲೇ ಮಾರಲು ಶುರು ಮಾಡಿದೆ. ದಿನಕ್ಕೆ ಐದು ಕೆಜಿ ಹಿಟ್ಟಿಗೆ ಸುಮಾರು 1 ಕೆಜಿ 700 ಗ್ರಾಂ ಅಕ್ಕಿ, 425 ಗ್ರಾಂ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ಸಾಮಾನು, ಕರೆಂಟು, ಕವರು ಎಲ್ಲ ಸೇರಿ ಆಗ 145 ರೂಪಾಯಿ ಬೀಳುತ್ತಿತ್ತು. ಮೊದಲು ಕೆಜಿಗೆ 35ರಂತೆ ಮಾರಿದೆ. ದಿನಕ್ಕೆ ಉಳಿದದ್ದು 30. ಮಗಳು ಮತ್ತೆ ಲೆಕ್ಕ ಹಾಕಿ, "ಅಮ್ಮಾ, ತೊಳೆದು, ರುಬ್ಬಿ, ತುಂಬೋಕೆ ಎರಡು ಗಂಟೆ. ನಿನ್ನ ಕೂಲಿ ಎಲ್ಲಿ?" ಎಂದಳು. ನನ್ನ ಕೆಲಸಕ್ಕೂ ಬೆಲೆ ಇದೆ ಎಂದು ನನಗೇ ಹೊಳೆದಿರಲಿಲ್ಲ. ಬೆಲೆ 45 ಮಾಡಿದೆ. ಗಿರಾಕಿಗಳು ಇಬ್ಬರು ಹೋದರು, ನಾಲ್ವರು ಬಂದರು. ದಿನಕ್ಕೆ 80, ತಿಂಗಳಿಗೆ 2,400. ಎರಡು ಸಾವಿರ ಮನೆಗೆ, ನಾನೂರು ಪೋಸ್ಟಾಫೀಸಿನ ಆರ್.ಡಿ.ಗೆ. ಅಲ್ಲಿ ತಿಂಗಳಿಗೆ ನೂರು ರೂಪಾಯಿಯಿಂದಲೂ ಕಟ್ಟಬಹುದು, ಐದು ವರ್ಷದ ಲೆಕ್ಕ. ಊರಲ್ಲಿ ಯಾರೋ ನಡೆಸುವ ರಿಜಿಸ್ಟರ್ ಆಗದ ಚೀಟಿಗಿಂತ ನೆಮ್ಮದಿ.

ದುಡ್ಡನ್ನು ಬ್ಯಾಂಕಿನಲ್ಲೋ ಪೋಸ್ಟಾಫೀಸಿನಲ್ಲೋ ನಿಮ್ಮ ಹೆಸರಿನಲ್ಲೇ ಇಡಿ, ಸಾಸಿವೆ ಡಬ್ಬಿಯಲ್ಲಿ ಬೇಡ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ನನ್ನ ಅಕ್ಕಿ ಡಬ್ಬಿಯಲ್ಲಿ 9,500 ಇತ್ತು. ಯಾರಿಗೂ ಹೇಳದೆ ಕೂಡಿಟ್ಟದ್ದನ್ನು ಎಲ್ಲರೆದುರು ತೆಗೆದು ಸಾಲಿನಲ್ಲಿ ನಿಂತದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕಳ್ಳತನ ಮಾಡಿದವರ ಹಾಗೆ ಯಾಕೆ ಉಳಿಸಬೇಕು? ನಿಮ್ಮದೇ ಪಾಸ್‌ಬುಕ್ಕು ಇರಲಿ, ಮನೆಯವರಿಗೂ ಗೊತ್ತಿರಲಿ. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿ ಹಣ ಬಂದವರೂ ಅಷ್ಟೇ, ಅದು ಎಲ್ಲಿಗೆ ಹೋಯಿತು ಎಂದು ಒಂದು ಸಾಲು ಬರೆದಿಡಿ.

ಕೊಳ್ಳುವಾಗ ನೆನಪಿರಲಿ

● ಎಣ್ಣೆ ಪೊಟ್ಟಣದ ಗಾತ್ರ ನೋಡಿ ಮೋಸ ಹೋಗಬೇಡಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡಲು ಅಷ್ಟೇ ಕಾಣುವ ಪೊಟ್ಟಣದಲ್ಲಿ ಕಮ್ಮಿ ಇರುವುದುಂಟು. ಅಂಗಡಿಯವಳಾಗಿ ನಾನೇ ಹೇಳುತ್ತಿದ್ದೇನೆ, ತೂಕ ಓದಿ ಕೊಳ್ಳಿ.

● ಬೆಲೆ ಏರಿದಾಗ ಹೆದರಿ ಮೂಟೆಗಟ್ಟಲೆ ತರಬೇಡಿ. 2022ರಲ್ಲಿ ಯುಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ಲೀಟರಿಗೆ 200ರ ಹತ್ತಿರ ಹೋಯಿತು. ಆಗ ಡಬ್ಬಗಟ್ಟಲೆ ಕೊಂಡವರು ಬೆಲೆ ಇಳಿದ ಮೇಲೆ ಪಶ್ಚಾತ್ತಾಪಪಟ್ಟರು.

● 2023ರ ಜುಲೈಯಲ್ಲಿ ಟೊಮೇಟೊ ಕೆಜಿಗೆ ನೂರು ದಾಟಿದಾಗ ನಾವು ಹುಣಸೆಹಣ್ಣಿನ ಸಾರಿಗೆ ಹೋದೆವು. ನಮ್ಮ ಅಜ್ಜಿಯರು ಹುಳಿಗೆ ಟೊಮೇಟೊ ಕಾಯುತ್ತಿರಲಿಲ್ಲ.

● ಕಾಳು ರಾತ್ರಿಯೇ ನೆನೆಸಿ. ಗ್ಯಾಸು ಉಳಿಯುವುದು ಅಲ್ಲೇ.

● ಹಾಲು, ಸೊಪ್ಪು, ಕಾಳು, ಔಷಧಿ, ಮಕ್ಕಳ ಫೀಸು, ಈ ಐದಕ್ಕೆ ಕತ್ತರಿ ಹಾಕಬೇಡಿ.

ಈ ಪಕ್ಷದ ಅಡುಗೆ: ಹುರುಳಿಕಾಳು, ಸೊಪ್ಪಿನ ಬಸ್ಸಾರು

ಒಂದೇ ಬೇಯಿಸುವಿಕೆಯಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಐದು ಜನರಿಗೆ ಒಂದು ಲೋಟ ಹುರುಳಿಕಾಳನ್ನು ರಾತ್ರಿ ನೆನೆಹಾಕಿ. ಬೆಳಗ್ಗೆ ಆರು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಬೇಯಿಸಿ. ಆಮೇಲೆ ಹೆಚ್ಚಿದ ದಂಟಿನ ಸೊಪ್ಪು ಎರಡು ಕಟ್ಟು, ಉಪ್ಪು ಹಾಕಿ ತೆರೆದೇ ಬೇಯಿಸಿ, ಕಟ್ಟನ್ನು ಬಸಿದಿಡಿ. ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಮೆಣಸು ಹುರಿದು, ಎರಡು ಚಮಚ ಸಾರಿನ ಪುಡಿ, ಸ್ವಲ್ಪ ತೆಂಗಿನಕಾಯಿ, ಹುಣಸೆಹಣ್ಣು, ಒಂದು ಹಿಡಿ ಬೆಂದ ಕಾಳುಸೊಪ್ಪು ಸೇರಿಸಿ ರುಬ್ಬಿ. ಬಸಿದ ಕಟ್ಟಿಗೆ ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಬಸ್ಸಾರು. ಉಳಿದ ಕಾಳುಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ, ಮೇಲೆ ಕಾಯಿತುರಿ ಹಾಕಿದರೆ ಪಲ್ಯ. ಬಿಸಿ ಮುದ್ದೆಗೆ ಇದಕ್ಕಿಂತ ಬೇಕೇ? ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ಊಟವಾದ ತಕ್ಷಣ ಕಾಫಿ, ಟೀ ಬೇಡ, ಅದು ಕಬ್ಬಿಣವನ್ನು ತಡೆಯುತ್ತದೆ ಎಂದು ಡಾಕ್ಟರಮ್ಮ ನನಗೆ ಹೇಳಿದ್ದರು. ಬಡಿಸುವಾಗ ನಿಮ್ಮ ಪಾಲನ್ನು ಮೊದಲೇ ಎತ್ತಿಡಿ.

ಹಾಸನದ ತಂಗಿಗೆ ಕೊನೆಯ ಮಾತು. ಒಂದು ತಿಂಗಳು ಬರೆದ ಮೇಲೆ ಆ ಪುಸ್ತಕವನ್ನು ಯಜಮಾನರ ಕೈಗೆ ಕೊಡು. ಜಗಳಕ್ಕೆಂದು ಕೊಡಬೇಡ, ಊಟವಾಗಿ ಸಮಾಧಾನವಾಗಿ ಕೂತಾಗ ಕೊಡು. ನಮ್ಮವರು ಆವತ್ತು ಪುಸ್ತಕ ಮುಚ್ಚಿ, "ಸಂಸಾರ ತೂಗಿಸೋಕೆ ಬಾರದವನು ನಾನೇ ಕಣೇ" ಎಂದರು. ಅವರೊಬ್ಬರದೇ ತಪ್ಪಲ್ಲ, ಇಬ್ಬರದೂ. ನಮ್ಮ ನಡುವಿನ ಬಾಗಿಲು ಈಗಲೂ ಇದೆ. ಅದರ ಚಿಲಕಕ್ಕೆ ದಾರ ಕಟ್ಟಿ ಒಂದು ಪೆನ್ಸಿಲ್ಲು ತೂಗುಹಾಕಿದ್ದೇವೆ.

ನಿಮ್ಮ ಮನೆಯ ಲೆಕ್ಕ ಏನು ಹೇಳಿತು ಎಂದು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮದುವೆ, ಗೃಹಪ್ರವೇಶದ ಮುಯ್ಯಿಯ ಖರ್ಚನ್ನು ಮುಖ ಕೆಡಿಸಿಕೊಳ್ಳದೆ ಹಿಡಿತದಲ್ಲಿಡುವುದು ಹೇಗೆ ಎಂದು ಮಾತಾಡೋಣ. ಬರಲೇ?